ಎಡಕ್ಕೆ ಸರಿಸಿದ ಹಾಳೆ

ಓದಿಲಳ ಮನೆಯಲ್ಲಿ ಸಿಪಾಯಿಗಳಿಗೆ ಒಂದು ಕೋಣೆಯಿತ್ತು, ಅತ್ತೆಗೆ ಇರಲಿಲ್ಲ.

ಸಿಪಾಯಿಗಳೆಂದರೆ ಕಾಗದದವರು. ಅವಳ ಗಂಡ ಅರ್ಮಾನ್ ಓಸ್ಟರ್‌ಟಾಗ್ ಹಗಲೆಲ್ಲ ಸ್ಟ್ರಾಸ್‌ಬುರ್ಗಿನ ಅಂಚೆ ಕಚೇರಿಯಲ್ಲಿ ಊರವರ ಕಾಗದ ವಿಂಗಡಿಸುತ್ತಿದ್ದ, ಸಂಜೆಯಾದರೆ ತನ್ನ ಕಾಗದಗಳ ಮುಂದೆ ಕೂರುತ್ತಿದ್ದ. ಅವನ ಮುತ್ತಜ್ಜನ ಕಾಲದ ಪುಸ್ತಕಗಳವು. ಒಂದೊಂದರಲ್ಲೂ ಯಾವುದೋ ರಾಜನ ಯಾವುದೋ ದಳದವರು: ಕುದುರೆ ಏರಿದವರು, ನಗಾರಿ ಬಾರಿಸುವವರು, ಕಹಳೆ ಊದುವವರು. ಅಚ್ಚಾದ ಗೆರೆಗಳ ಒಳಗೆ ಆಗಿನವರು ಕುಂಚ ಹಿಡಿದು ಕೈಯಿಂದಲೇ ಹಚ್ಚಿದ ಬಣ್ಣ. ತೋಳುಪಟ್ಟಿಯ ಬಣ್ಣ ನೋಡಿದರೆ ಸಾಕು, ಅರ್ಮಾನ್ ದಳದ ಹೆಸರು ಹೇಳುತ್ತಿದ್ದ. ಮಗಳು ಇವತ್ತು ಯಾವ ಬಣ್ಣದ ಅಂಗಿ ತೊಟ್ಟು ಹೋದಳು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಿದ್ದ.

ಹಿಂಬದಿಯ ಆ ಕೋಣೆಯಲ್ಲಿ ಒಲೆ ಹಾಕಕೂಡದೆಂಬುದು ಮನೆಯ ಕಾನೂನು. ಕಲ್ಲಿದ್ದಲಿನ ಕಾವಿಗೆ ಹಾಳೆ ಸೊಟ್ಟಗಾಗುತ್ತದೆ, ಹೊಗೆಗೆ ಬಣ್ಣ ಮಂಕಾಗುತ್ತದೆ. ಚಳಿಗಾಲದಲ್ಲಿ ಅಲ್ಲಿ ಕಸ ಗುಡಿಸಬೇಕಾದರೆ ಓದಿಲ್ ಶಾಲು ಹೊದ್ದು ಹೋಗುತ್ತಿದ್ದಳು. ಅವಳು ಇದಕ್ಕೆಲ್ಲ ಗೊಣಗಿದವಳಲ್ಲ. ಕೆಳಮನೆಯವನು ಸಂಬಳದ ದಿನ ಕುಡಿದು ಮೆಟ್ಟಿಲ ಮೇಲೆ ಮಲಗುತ್ತಿದ್ದ. ಅದಕ್ಕಿಂತ ಕಾಗದದ ಕಹಳೆಯವರೇ ವಾಸಿ, ಊದಿದರೂ ಸದ್ದಿಲ್ಲ.

ಅಕ್ಟೋಬರಿನಲ್ಲಿ ಸಲೋಮೆ ಅಜ್ಜಿ ಬಂದಳು. ಅರ್ಮಾನನ ತಾಯಿ. ವಿಸೆಂಬೂರಿನಲ್ಲಿ ತಂಗಿಯ ಜೊತೆ ಇದ್ದವಳು, ತಂಗಿ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಅಜ್ಜಿಗೆ ಎಂಬತ್ತು ದಾಟಿತ್ತು, ಕಾಲು ಗಟ್ಟಿಯಿತ್ತು, ನೆನಪು ಮಾತ್ರ ಹಳೇ ಜರಡಿಯಾಗಿತ್ತು. ಒಂದು ಪೆಟ್ಟಿಗೆ, ಒಂದು ಬಾತುಗರಿಯ ರಜಾಯಿ, ಇಷ್ಟರ ಜೊತೆ ಬಂದು ಮೊಮ್ಮಗಳು ಲಿಯಾನಳ ಪುಟ್ಟ ಕೋಣೆಯಲ್ಲಿ ಮಲಗಿದಳು. ಲಿಯಾನ್ ಕೈಗವಸಿನ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಗಾಜಿನ ಕಿಟಕಿಯಲ್ಲಿಡುವ ಬೆಲೆಚೀಟಿಗಳನ್ನು ಬಣ್ಣದಲ್ಲಿ ಬರೆಯುವುದೂ ಅವಳದೇ ಪಾಲು.

ಒಂದು ವಾರ ಕಳೆಯುವಷ್ಟರಲ್ಲಿ ಲಿಯಾನಳ ಕಣ್ಣ ಕೆಳಗೆ ಕಪ್ಪಾಯಿತು.

"ಅಮ್ಮ, ನಿನ್ನೇನೂ ಅಜ್ಜಿ ಕೋಳಿ ಕೂಗೋಕ್ಕೆ ಮುಂಚೆ ಎದ್ದು ಏಪ್ರನ್ ಕಟ್ಕೊಂಡು ಕೂತಿದ್ರು. ಕೆಲಸಕ್ಕೆ ಹೊತ್ತಾಯ್ತು, ಬಾಗಿಲು ತೆಗಿ ಅಂತ ನನ್ನ ಅಲ್ಲಾಡಿಸ್ತಾರೆ."

"ಯಾವ ಕೆಲಸ ಅಂತ ಕೇಳಿದ್ಯಾ?"

"ಕೇಳಿದೆ. 'ಸೋಮಾರಿ ಹುಡುಗಿ, ನೀನಿನ್ನೂ ಜಡೇನೂ ಹಾಕ್ಕೊಂಡಿಲ್ವಲ್ಲ' ಅಂತ ನನಗೇ ಬೈದ್ರು."

ಊಟದ ಮೇಜಿನಲ್ಲಿ ಬೇಯಿಸಿದ ಆಲೂಗಡ್ಡೆ, ಈರುಳ್ಳಿ ಕಲಸಿದ ಬಿಳಿ ಗಿಣ್ಣು ಇತ್ತು. ಅಜ್ಜಿ ತನ್ನ ಆಲೂಗಡ್ಡೆಯ ಸಿಪ್ಪೆ ಸುಲಿದು ತಟ್ಟೆಯನ್ನು ಎಡಕ್ಕೆ, ಓದಿಲಳ ಮುಂದಕ್ಕೆ ಸರಿಸಿದಳು. ದಿನವೂ ಹೀಗೆಯೇ. ಓದಿಲ್ ತಟ್ಟೆಯನ್ನು ಮತ್ತೆ ಅವಳ ಮುಂದಿಟ್ಟು, "ಇದು ನಿಮ್ಮದೇ ಅತ್ತೆ, ನೀವು ತಿನ್ನಿ," ಎನ್ನುವಳು. ಅಜ್ಜಿ ಬೆಪ್ಪಾಗಿ ನೋಡಿ ತಿನ್ನುವಳು.

"ಅಪ್ಪ, ಹಿಂದಿನ ಕೋಣೆ ಅಜ್ಜಿಗೆ ಕೊಡಬಹುದಲ್ಲ?" ಲಿಯಾನ್ ಕೇಳಿದಳು.

ಅರ್ಮಾನ್ ಗಿಣ್ಣು ಹಚ್ಚಿಕೊಳ್ಳುವುದರಲ್ಲೇ ಮಗ್ನನಾದ. "ಅಲ್ಲಿ ಥಂಡಿ."

"ಒಲೆ ಹಾಕಿದ್ರೆ ಥಂಡಿ ಹೋಗುತ್ತೆ."

"ಒಲೆ ಹಾಕಿದ್ರೆ ಪುಸ್ತಕ ಹೋಗುತ್ತೆ."

"ಹಾಗಾದ್ರೆ ಅಜ್ಜಿ ಎಲ್ಲಿಗೆ ಹೋಗ್ಬೇಕು?"

ಅರ್ಮಾನ್ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡ. ಆದರೆ ಅಜ್ಜಿಗೊಂದು ಜಾಗ ಆಗಲೇ ಹುಡುಕಿ ಇಟ್ಟುಕೊಂಡಿದ್ದ. ನವೆಂಬರಿನಲ್ಲಿ ಅಜ್ಜಿಗೆ ಕೆಮ್ಮು ಹಿಡಿಯಿತು. ಬಂದ ಡಾಕ್ಟರು ಬೆನ್ನಿಗೆ ಕಿವಿಯಿಟ್ಟು ಕೇಳಿ, ಇವರಿಗೆ ಬೆಚ್ಚಗಿನ ಕೋಣೆ ಬೇಕು, ಅದೂ ಒಬ್ಬರಿಗೇ, ಎಂದು ಹೇಳಿ ಹೋದರು. ಆ ಸಂಜೆ ಅರ್ಮಾನ್ ಬಾಯಿಬಿಟ್ಟ. ನದಿಯಾಚೆ ಸನ್ಯಾಸಿನಿಯರು ನಡೆಸುವ ವೃದ್ಧರ ಮನೆಯಿದೆ, ಒಳ್ಳೆಯವರು, ಪ್ರತಿ ಕೋಣೆಯನ್ನೂ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳಿವೆ. ಡಿಸೆಂಬರಿನ ಮೊದಲ ವಾರ ಸಂತ ನಿಕೊಲಾಸನ ಹಬ್ಬ ಕಳೆದ ಮೇಲೆ ಒಂದು ಹಾಸಿಗೆ ಖಾಲಿಯಾಗುತ್ತದೆ. ಅಮ್ಮನ ಹೆಸರು ಕೊಟ್ಟು ಬಂದಿದ್ದೇನೆ, ಎಂದ.

ಓದಿಲ್ ಸೂಪಿನ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

"ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?"

"ನಿನಗೇ ಸುಲಭ ಆಗ್ಲಿ ಅಂತ ಮಾಡ್ದೆ. ಬೆಳಗ್ಗೆ ಶಾಲೆ ಅಡುಗೆಮನೇಲಿ ದುಡೀತೀಯ, ಮನೆಗೆ ಬಂದು ಮತ್ತೆ ದುಡೀತೀಯ. ಯಾರ ಅಮ್ಮ ಅವಳು? ನನ್ನ ಅಮ್ಮ. ನಿನಗ್ಯಾಕೆ ಈ ಹೊರೆ?"

"ಅಪರೂಪಕ್ಕೆ ನನ್ನ ಕಷ್ಟ ಕಂಡಿತಲ್ಲ, ಪುಣ್ಯ." ಓದಿಲಳ ದನಿ ಏರಿತು. "ರೀ, ಯುದ್ಧದಿಂದ ಬಂದ ಮೇಲೆ ನೀವು ಹಿತ್ತಾಳೆ ಗುಂಡಿ ಇರೋ ಕೋಟು ಸಹ ಮೈಗೆ ಹಾಕಿಲ್ಲ. ಅಂಥವರು ದಂಡು ದಂಡೇ ಸಿಪಾಯಿಗಳನ್ನ ಮನೇಲಿ ಸಾಕಿದ್ರಿ, ನಾನು ಏನಾದ್ರೂ ಅಂದ್ನಾ? ಅಂದಿಲ್ಲ. ಇವತ್ತು ಅಂತೀನಿ. ಜೀವ ಇರೋರಿಗೆ ಜಾಗ ಇಲ್ದೇ ಇರೋ ಮನೇಲಿ ಕಾಗದಕ್ಕೆ ಕೋಣೆ ಇದೆ. ಇದು ಯಾವ ನ್ಯಾಯ?"

"ನಿನಗೆ ಅದೆಲ್ಲ ತಿಳಿಯಲ್ಲ ಬಿಡು."

"ನನಗೆ ತಿಳಿದಿರೋದು ನಿಮಗೂ ತಿಳಿದಿಲ್ಲ. ಹೇಳ್ಲಾ?"

ಹೇಳಿಯೇಬಿಟ್ಟಳು. ಯುದ್ಧದ ನಡುವಿನ ಆ ವರ್ಷ ನಾಡನ್ನು ವಶಮಾಡಿಕೊಂಡಿದ್ದ ಶತ್ರುಗಳು ಆಲ್ಸಾಸಿನ ಗಂಡಸರನ್ನು ಹಿಡಿದು ಹಿಡಿದು ತಮ್ಮದೇ ಸಮವಸ್ತ್ರ ತೊಡಿಸಿ ಪೂರ್ವದ ರಣಕ್ಕೆ ಅಟ್ಟಿದ್ದರು. ಅರ್ಮಾನನೂ ಹೋದ. ಓದಿಲಳಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ, ಬಗಲಲ್ಲಿ ಹಸುಗೂಸು ಲಿಯಾನ್. ಈ ಮದುವೆ ಸಲೋಮೆಗೆ ಬೇಕಾಗಿರಲಿಲ್ಲ, ಮದುವೆಗೆ ಬಂದಿರಲೂ ಇಲ್ಲ. ಬೇರೆ ದಿಕ್ಕಿಲ್ಲದೆ ಓದಿಲ್ ಹಿಮದಲ್ಲಿ ನಡೆದು ಅವಳ ಬಾಗಿಲು ತಟ್ಟಿದಳು.

"ಬೈತಾರೆ ಅಂತ ನಡುಗ್ತಾ ನಿಂತಿದ್ದೆ. ಒಂದು ಮಾತೂ ಬೈಲಿಲ್ಲ. ಅಡುಗೆಮನೇಲಿ ಒಲೆಗೆ ಅಂಟಿಕೊಂಡಂಗೆ ಅವರ ಮಂಚ ಇತ್ತು. ಅದನ್ನ ತೋರಿಸಿ, 'ಹೊಸಬರಿಗೆ ಒಲೆ ಪಕ್ಕದ ಜಾಗ' ಅಂದ್ರು. ತಾವು ಹೋಗಿ ಹಿಂದಿನ ಉಗ್ರಾಣದಲ್ಲಿ ಮಲಗಿದ್ರು, ಗೋಡೆ ಒಳಗಡೆಯಿಂದ ಹೆಪ್ಪುಗಟ್ಟಿರೋ ಜಾಗ. ನೀವು ವಾಪಸ್ ಬರೋ ತನಕ ಅಲ್ಲೇ ಮಲಗಿದ್ರು. ಲಿಯಾನ್ ಬದುಕಿದ್ದು ಆ ಒಲೆಯಿಂದ. ನಾನು ಅವರಿಗೆ ಒಂದು ಸಲಾನೂ ಉಪಕಾರ ಆಯ್ತು ಅಂತ ಹೇಳಿಲ್ಲ. ಭಯ ಇತ್ತು, ಆಮೇಲೆ ನಾಚಿಕೆ. ಈಗ ಹೇಳಿದ್ರೆ ಅವರಿಗೆ ನಾನ್ಯಾರು ಅಂತಾನೇ ಗೊತ್ತಿಲ್ಲ."

ಲಿಯಾನ್ ಬಾಯಿಗೆ ಕೈಯಿಟ್ಟುಕೊಂಡು ಕೂತಿದ್ದಳು. ಅರ್ಮಾನ್ ಸೂಪು ಅರ್ಧಕ್ಕೇ ಬಿಟ್ಟು ಎದ್ದ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಜ್ಜಿ ತನ್ನ ಬಟ್ಟಲನ್ನು ಓದಿಲಳ ಮುಂದಕ್ಕೆ ಸರಿಸಿದಳು.

ಆ ಮೇಲಿನ ವಾರಗಳಲ್ಲಿ ಮನೆ ಬಿಗಿದುಕೊಂಡಿತ್ತು. ಬೇಕಾದಷ್ಟೇ ಮಾತು: ಕಲ್ಲಿದ್ದಲು ಮುಗೀತು, ಬ್ರೆಡ್ಡು ತಂದೆ, ಚಿಲಕ ಹಾಕು. ಅರ್ಮಾನ್ ವೃದ್ಧರ ಮನೆಯ ಮಾತೆತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ. ಓದಿಲ್ ಅಜ್ಜಿಯ ಬೆನ್ನಿಗೆ ಎಣ್ಣೆ ತಿಕ್ಕುವಾಗ ಹಬ್ಬಕ್ಕೆ ಎಷ್ಟು ದಿನ ಉಳಿಯಿತೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ಹಬ್ಬಕ್ಕೆ ಮುಂಚಿನ ಭಾನುವಾರ ಕೊಲ್ಮಾರಿನಿಂದ ನೋಟರಿ ಸ್ಟೋಕೆಲ್ ಬರುವವರಿದ್ದರು. ಅವರೂ ಇದೇ ಹುಚ್ಚಿನವರು. ಅರ್ಮಾನನ ಬಳಿಯಿದ್ದ ಅತ್ಯಂತ ಅಪರೂಪದ ಪುಸ್ತಕಕ್ಕೆ ಹೊಲಿಗೆಯಿರಲಿಲ್ಲ, ಬಿಡಿ ಹಾಳೆಗಳು ತೊಗಲಿನ ಪೆಟ್ಟಿಗೆಯಲ್ಲಿದ್ದವು. ಅದರಲ್ಲಿ ಒಂದು ಹಾಳೆಗೆ ಮಾತ್ರ ಯಾರೋ ಅಂದಿನ ಕಾಲದಲ್ಲೇ ಬಣ್ಣ ಹಾಕಲು ಮರೆತಿದ್ದರು. ಮೂವರು ಕಹಳೆಯವರು ಕಪ್ಪು ಗೆರೆಗಳಲ್ಲಿ ಬೆತ್ತಲೆಯಾಗಿ ನಿಂತಂತೆ ನಿಂತಿದ್ದರು. ಆ ಹಾಳೆಗೆ ಈಗ ಬಣ್ಣ ಹಾಕುವಂತಿಲ್ಲ. ಬಣ್ಣ ಹಾಳೆಯಷ್ಟೇ ಹಳೆಯದಾಗಿರಬೇಕು, ಆಮೇಲೆ ಹಚ್ಚಿದ್ದು ಬಣ್ಣವಲ್ಲ, ಕೊಳೆ. ಇದು ಈ ಜನರ ಶಾಸ್ತ್ರ. ನೋಟರಿಗಳ ಹತ್ತಿರ ಅದೇ ಚಿತ್ರದ ಬಣ್ಣದ ಹಾಳೆ ಎರಡಿತ್ತು. ಬಣ್ಣವಿಲ್ಲದ್ದು ಅವರಿಗೆ ಅಪರೂಪ, ಬಣ್ಣವಿದ್ದದ್ದು ಇವನಿಗೆ. ಅದಲು ಬದಲಿಗೆ ಅವರನ್ನು ಒಪ್ಪಿಸಲು ಅರ್ಮಾನ್ ವರ್ಷಗಟ್ಟಲೆ ಕಾಗದ ಬರೆದಿದ್ದ.

ಅಂದು ಮಧ್ಯಾಹ್ನ ಹಾಳೆಯನ್ನು ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟ. ಒಲೆಯಿರುವ ಕೋಣೆ ಅದೊಂದೇ, ಅತಿಥಿಯನ್ನು ಥಂಡಿಯಲ್ಲಿ ಕೂರಿಸುವಂತಿರಲಿಲ್ಲ. ರೈಲು ನಿಲ್ದಾಣಕ್ಕೆ ಹೊರಡುವ ಮುನ್ನ ಮಗಳಿಗೆ ಹೇಳಿದ, "ಅಜ್ಜಿ ಕಡೆ ಒಂದು ಕಣ್ಣಿಟ್ಟಿರು."

"ಎರಡೂ ಇಡ್ತೀನಿ ಹೋಗಪ್ಪ," ಎಂದಳು ಲಿಯಾನ್ ಆಕಳಿಸುತ್ತ.

ಓದಿಲ್ ಬೇಕರಿಯವನ ಹತ್ತಿರ ಬೇಯಲು ಕೊಟ್ಟಿದ್ದ ಕೂಗೆಲ್ಹೋಫ್ ತರಲು ಹೋದಳು. ದ್ರಾಕ್ಷಿ ಬಾದಾಮಿಯ ಆ ಕೇಕು ಬಟ್ಟೆಯೊಳಗೂ ಘಮಘಮಿಸುತ್ತಿತ್ತು. ಹಿಂತಿರುಗಿ ಬಾಗಿಲು ತೆರೆದರೆ ಮಗಳ ಎರಡು ಕಣ್ಣೂ ಮುಚ್ಚಿದ್ದವು. ರಾತ್ರಿಗಳ ನಿದ್ದೆಯೆಲ್ಲ ಒಟ್ಟಿಗೆ ಬಂದು ಕುರ್ಚಿಯಲ್ಲೇ ಕೆಡವಿತ್ತು. ಕಿಟಕಿಯಲ್ಲಿರುತ್ತಿದ್ದ ಅವಳ ಬಣ್ಣದ ಡಬ್ಬಿ ಮೇಜಿನ ಮೇಲಿತ್ತು, ವೈನಿನ ಲೋಟದಲ್ಲಿ ಕುಂಚ. ಹಾಳೆ ಅದರ ಜಾಗದಲ್ಲಿರಲಿಲ್ಲ. ಎಡಕ್ಕೆ, ಓದಿಲ್ ಯಾವಾಗಲೂ ಕೂರುವ ಖಾಲಿ ಕುರ್ಚಿಯ ಮುಂದಕ್ಕೆ ಸರಿದಿತ್ತು.

ಕಹಳೆಯವರ ತೋಳುಪಟ್ಟಿ ಕೆಂಪು. ಕೊರಳಪಟ್ಟಿ ಕೆಂಪು. ಟೋಪಿಯ ತುರಾಯಿ ಕೆಂಪು. ಗೆರೆಯಾಚೆ ಒಂದು ಹನಿ ಹೋಗಿರಲಿಲ್ಲ. ಕೆಂಪು ಬಿಟ್ಟರೆ ಬೇರೇನೂ ಇರಲಿಲ್ಲ.

ಅಜ್ಜಿ ಕೈಕಟ್ಟಿ ಕೂತು ಖಾಲಿ ಕುರ್ಚಿಯತ್ತ ಸಿಡಿಮಿಡಿಯಿಂದ ನೋಡುತ್ತಿದ್ದಳು. "ನೀಲಿಯವಳು ಎಲ್ಲಿ ಹಾಳಾಗಿ ಹೋದ್ಲು? ನಂದು ಆಗಿ ಎಷ್ಟು ಹೊತ್ತಾಯ್ತು!"

ಓದಿಲಳ ಕೈಯಲ್ಲಿ ಕೇಕು ಹಾಗೇ ಇತ್ತು. ಈ ಅತ್ತೆ ಹುಡುಗಿಯಾಗಿದ್ದಾಗಿನಿಂದ ವಿಸೆಂಬೂರಿನ ಚಿತ್ರದ ಅಚ್ಚುಕೂಟದಲ್ಲಿ ದುಡಿದವಳೆಂದು ಅವಳು ಯಾವತ್ತೋ ಕೇಳಿದ್ದಳು. ಉದ್ದ ಮೇಜು, ಸಾಲಾಗಿ ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಹಚ್ಚಿ ಪಕ್ಕದವಳಿಗೆ ಸರಿಸುವುದು. ಕೇಳಿ ಮರೆತಿದ್ದಳು. ತಟ್ಟೆ, ಬಟ್ಟಲು ಎಲ್ಲ ತನ್ನ ಮುಂದಕ್ಕೇ ಯಾಕೆ ಬರುತ್ತಿದ್ದವೆಂದು ಈಗ ಹೊಳೆಯಿತು. ಹೊಳೆದು ಪ್ರಯೋಜನವೇನು? ಇನ್ನು ಅರ್ಮಾನ್ ಹಬ್ಬದ ತನಕವೂ ಕಾಯುವುದಿಲ್ಲ, ನಾಳೆಯೇ ಇವಳನ್ನು ನದಿ ದಾಟಿಸುತ್ತಾನೆ ಎಂದುಕೊಂಡಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಎರಡು ಜೊತೆ ಬೂಟಿನ ಸದ್ದಾಯಿತು.

ಅರ್ಮಾನ್ ಒಳಗೆ ಬಂದ. ಅವನ ಹಿಂದೆ ತೋಳಡಿಯಲ್ಲಿ ರಟ್ಟಿನ ಕಟ್ಟು ಹಿಡಿದ ನೋಟರಿ. ನಿದ್ದೆಯಿಂದೆದ್ದ ಲಿಯಾನ್ ಮೇಜು ನೋಡಿ, "ಅಯ್ಯೋ ಅಪ್ಪಾ," ಎಂದು ಅಳತೊಡಗಿದಳು.

ಅರ್ಮಾನನ ಮುಖ ಸುಣ್ಣದಂತಾಯಿತು. ಅವನ ಬಾಯಿಂದ ಬಂದದ್ದು ಒಂದೇ ಮಾತು. "ಹಳದಿ."

ಯಾರಿಗೂ ಅರ್ಥವಾಗಲಿಲ್ಲ.

"ಈ ದಳಕ್ಕೆ ಹಳದಿ ತೋಳುಪಟ್ಟಿ! ಕೆಂಪಲ್ಲ, ಹಳದಿ! ಅಮ್ಮಾ, ಏನು ಮಾಡಿಬಿಟ್ಟೆ ನೀನು? ಹಾಳಾಯ್ತು, ಹಾಳೆ ಪೂರ್ತಿ ಹಾಳಾಯ್ತು!"

ಗಂಡಸಿನ ಜೋರು ದನಿಗೆ ಅಜ್ಜಿ ಎದ್ದು ನಿಂತಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು. ಮಗನನ್ನಲ್ಲ, ಇನ್ಯಾರನ್ನೋ ನೋಡುವಂತೆ ತಲೆ ತಗ್ಗಿಸಿ ಹೇಳಿದಳು:

"ಮೇಸ್ತ್ರಿಗಳೇ, ನನಗೆ ಕೊಟ್ಟಿದ್ದು ಕೆಂಪು, ನಾನು ಹಚ್ಚಿದೆ. ಕೆಟ್ಟಿದ್ರೆ ಒಲೆಗೆ ಹಾಕ್ಬೇಡಿ. ನಮ್ಮ ಹುಡುಗನಿಗೆ ಕೊಡಿ. ಕೆಟ್ಟ ಹಾಳೆ ಆದ್ರೂ ಅವನಿಗೆ ಆಗುತ್ತೆ. ಸಣ್ಣವನು, ಆದ್ರೂ ಹರಿಯಲ್ಲ, ಜೋಪಾನವಾಗಿ ಎತ್ತಿಟ್ಕೋತಾನೆ."

ಅರ್ಮಾನ್ ಆ ಖಾಲಿ ಕುರ್ಚಿಯನ್ನು ತಡವಿ ಹಿಡಿದು ಕೂತ. ಹಾಳೆ ಅವನ ಮುಂದೆಯೇ ಇತ್ತು.

"ಕೊಡ್ತೀನಮ್ಮ," ಎಂದ. "ನಿಮ್ಮ ಹುಡುಗನಿಗೇ ಕೊಡ್ತೀನಿ."

"ದೇವರು ಒಳ್ಳೇದು ಮಾಡ್ಲಿ," ಎಂದಳು ಅಜ್ಜಿ, ನೆಮ್ಮದಿಯಿಂದ ಮತ್ತೆ ಕೂತಳು.

ಕೇಕು ಕುಯ್ದಾಗ ಅರ್ಮಾನ್ ಹೆಂಡತಿ ಮಗಳಿಗೆ ಎಂದೂ ಹೇಳದ ಮಾತು ಹೇಳಿದ, ಅದೂ ನೋಟರಿಗಳ ಕಡೆ ನೋಡುತ್ತ, ಅವರಿಗೆ ಹೇಳುವವನಂತೆ. ಅಮ್ಮ ಸಂಜೆ ಬರುತ್ತಿದ್ದಳು, ಏಪ್ರನ್ ಅಡಿಯಿಂದ ಒಂದು ಹಾಳೆ ತೆಗೆಯುತ್ತಿದ್ದಳು. ಕೆನ್ನೆ ನೀಲಿಯಾದ ಸೇನಾಪತಿ, ಹಸಿರು ಕುದುರೆ, ಬಣ್ಣ ಗೆರೆ ದಾಟಿದ ನಗಾರಿಯವನು. ಅಂಗಡಿಗೆ ಹೋಗದ ಸಿಪಾಯಿಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಇರಲಿಲ್ಲ, ಆಟಿಕೆ ಇರಲಿಲ್ಲ, ಅವರಿದ್ದರು.

"ಆಮೇಲೆ ಬಣ್ಣ ಸರಿಯಾಗಿರೋರನ್ನ ಹುಡುಕ್ಕೊಂಡು ಹೋದೆ," ಎಂದು ನಿಲ್ಲಿಸಿದ.

ನೋಟರಿ ಸ್ಟೋಕೆಲ್ ಕೇಕಿನ ಪುಡಿಯನ್ನು ಬೆರಳಿಂದ ಒತ್ತಿ ತೆಗೆಯುತ್ತ ಕೂತಿದ್ದರು. ಆಮೇಲೆ ರಟ್ಟಿನ ಕಟ್ಟು ಬಿಚ್ಚಿ ತಮ್ಮ ಬಣ್ಣದ ಹಾಳೆಯನ್ನು ಮೇಜಿನ ಮೇಲಿಟ್ಟರು. "ಅದಲು ಬದಲಿನ ಮಾತು ಬಿಡಿ, ಓಸ್ಟರ್‌ಟಾಗ್. ನನ್ನ ಹತ್ರ ಇನ್ನೊಂದಿದೆ. ಇದನ್ನ ಇಟ್ಕೊಳ್ಳಿ. ನಿಮ್ಮ ಪುಸ್ತಕ ಪೂರ್ತಿ ಆಗ್ಲಿ."

ಲಿಯಾನಳ ಮುಖ ಅರಳಿತು. ಅರ್ಮಾನ್ ಬಗ್ಗಿ ನೋಡಿದ. ಕಾಲ ಕಳೆದಂತೆ ಜೇನಿನಷ್ಟು ಮೃದುವಾದ ಹಳದಿ, ತೋಳುಪಟ್ಟಿಯಲ್ಲಿ ಇರಬೇಕಾದ ಕಡೆಯೇ ಇತ್ತು. ಪಕ್ಕದಲ್ಲಿ ತಾಯಿಯ ಹಸಿ ಕೆಂಪು. ಅವನು ನೋಟರಿಗಳ ಹಾಳೆಯನ್ನು ಎರಡೂ ಅಂಚಿನಲ್ಲಿ ಹಿಡಿದು ಮೆಲ್ಲಗೆ ಎತ್ತಿ ಅವರಿಗೇ ಕೊಟ್ಟ.

"ನಿಮ್ಮ ದೊಡ್ಡ ಮನಸ್ಸು. ಈ ಉಪಕಾರ ಮರೆಯಲ್ಲ. ಆದ್ರೆ ಬೇಡ."

"ಯೋಚನೆ ಮಾಡಿ. ಈ ಕೆಂಪಿನ ಜೊತೆ ಆ ಪುಸ್ತಕಕ್ಕೆ ಇನ್ನು ಯಾರೂ ಬೆಲೆ ಕಟ್ಟಲ್ಲ."

"ಕಟ್ಟದಿದ್ರೆ ಬೇಡ ಬಿಡಿ. ನನ್ನ ಪುಸ್ತಕ ಪೂರ್ತಿಯಾಯ್ತು."

ಮಾರನೆಯ ದಿನ ಅಂಚೆ ಕಚೇರಿಯಿಂದ ಬರುವಾಗ ಅರ್ಮಾನ್ ನದಿ ದಾಟಿ ಹೋಗಿ ಬಂದ. ಸನ್ಯಾಸಿನಿಯರಿಗೆ ಕೈಮುಗಿದು, ಆ ಹಾಸಿಗೆ ಬೇರೆಯವರಿಗೆ ಆಗಲಿ ಎಂದು ಹೇಳಿಬಂದನಂತೆ. ಬಂದವನು ಕೋಟು ಕಳಚದೆ ಹಿಂದಿನ ಕೋಣೆಯ ಕಪಾಟು ಬಿಚ್ಚತೊಡಗಿದ. ಪುಸ್ತಕಗಳು ಬಟ್ಟೆ ಸುತ್ತಿಕೊಂಡು ಗಂಡ ಹೆಂಡಿರ ಮಲಗುವ ಕೋಣೆಗೆ ಬಂದವು. ಬೀರುವಿನ ಮೇಲೆ, ಮಂಚದ ಕೆಳಗೆ, ಎಲ್ಲೆಲ್ಲಿ ಜಾಗವೋ ಅಲ್ಲಿ. ಕೆಳಮನೆಯ ಕುಡುಕನೇ ಹಳೆಯ ಕಬ್ಬಿಣದ ಒಲೆಯೊಂದನ್ನು ಹೊತ್ತು ತಂದು ಹೊಗೆಕೊಳವೆ ಜೋಡಿಸಿಕೊಟ್ಟ, ಅಂದು ಒಂದು ಹನಿಯೂ ಮುಟ್ಟಿರಲಿಲ್ಲ. ಅವನ ಬಗ್ಗೆ ತಾನು ಅಂದುಕೊಂಡಿದ್ದನ್ನೆಲ್ಲ ನೆನೆದು ಓದಿಲ್ ಅವನಿಗೆ ಎರಡು ಸಲ ಸೂಪು ಬಡಿಸಿದಳು.

"ಮಂಚದ ಕೆಳಗೆ ಇಡೀ ದಂಡು ಬೀಡುಬಿಟ್ಟಿದೆ," ಎಂದಳು ಗಂಡನಿಗೆ. "ಇನ್ನು ಮಗ್ಗುಲು ಬದಲಿಸಬೇಕಾದ್ರೂ ಅವರಿಗೆ ಸಲಾಮು ಹೊಡೀಬೇಕೇನೋ."

"ಅವರು ಶಿಸ್ತಿನವರು ಕಣೇ. ಗೊರಕೆ ಹೊಡೆಯೋದು ನೀನು."

ಎಷ್ಟೋ ವಾರಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಸಂತ ನಿಕೊಲಾಸನ ದಿನ ಓದಿಲ್ ರೂಢಿಯಂತೆ ಮನ್ನೆಲೆ ಸುಟ್ಟಳು, ಕೈಕಾಲು ಚಾಚಿದ ಬ್ರೆಡ್ಡಿನ ಮನುಷ್ಯರು. ಜೊತೆಗೆ ಬಿಸಿ ಕೋಕೋ. ಎಲ್ಲವನ್ನೂ ಅಜ್ಜಿಯ ಕೋಣೆಗೇ ತಂದರು. ಈಗ ಮನೆಯಲ್ಲಿ ಅದರಷ್ಟು ಬೆಚ್ಚಗಿನ ಕೋಣೆ ಇನ್ನೊಂದಿರಲಿಲ್ಲ. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಆದರೆ ಸಡಿಲಾಗಿತ್ತು. ಅಜ್ಜಿ ಬ್ರೆಡ್ಡಿನ ಮನುಷ್ಯನ ತಲೆ ತಿಂದು ಮುಗಿಸಿ, ಎಡಕ್ಕೆ ನೋಡಿ ಕೇಳಿದಳು:

"ನೀಲಿಯವಳು ಇವತ್ತೂ ಬರ್ಲಿಲ್ವಾ?"

ಅರ್ಮಾನ್ ಎದ್ದು ಹೋದ. ಕೆಂಪು ಬಿದ್ದ ಹಾಳೆಯನ್ನೂ ಮಗಳ ಬಣ್ಣದ ಡಬ್ಬಿಯನ್ನೂ ತಂದು ಮೇಜಿನ ಮೇಲಿಟ್ಟು ತಾಯಿಯ ಎಡಕ್ಕೆ ಕೂತ.

"ನಾನೇ ನೀಲಿ," ಎಂದ.

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗಂಡಸರನ್ನೂ ಸೇರಿಸ್ಕೋತಾರಾ ಈಗ? ಸರಿ, ಹಚ್ಚು. ನೀರು ಜಾಸ್ತಿ ಮಾಡ್ಬೇಡ."

ಕೋಟಿನ ಒಂದು ಗುಂಡಿಯ ಬಣ್ಣ ಸರಿಯೋ ತಪ್ಪೋ ಎಂದು ಎರಡೆರಡು ಕಾಗದ ಬರೆಯುವ ಆ ಮನುಷ್ಯ ಉಸಿರು ಬಿಗಿಹಿಡಿದು ಮೂವರು ಕಹಳೆಯವರಿಗೂ ನೀಲಿ ಕೋಟು ತೊಡಿಸಿದ. ಹಾಳೆ ಎಡಕ್ಕೆ ಸರಿಯಿತು. ಲಿಯಾನ್ ಕಹಳೆಗಳಿಗೆ ಹಳದಿ ಹಚ್ಚಿ, "ಅಪ್ಪ, ಹಳದಿ ಅಂತೂ ಬಂತು ನೋಡು," ಎಂದು ಕಿಚಾಯಿಸಿದಳು. ಹಾಳೆ ಮತ್ತೆ ಎಡಕ್ಕೆ ಸರಿಯಿತು, ಮೇಜಿನ ಕೊನೆಗೆ. ಬೂಟಿನ ಕಪ್ಪು ಉಳಿದಿತ್ತು. ಓದಿಲ್ ಕೋಕೋದ ಲೋಟಗಳನ್ನು ತಣ್ಣೀರಲ್ಲಿ ತೊಳೆದು ಆಗಷ್ಟೇ ಬಂದು ಕೂತಿದ್ದಳು, ಕೈ ಸೆಟೆದುಕೊಂಡಿತ್ತು. ಕುಂಚ ಹಿಡಿದರೆ ತುದಿ ನಡುಗಿತು.

ಅಜ್ಜಿ ಅದನ್ನು ನೋಡಿದಳು. ಮೇಜನ್ನು ಹಿಡಿದುಕೊಂಡು ಒಲೆ ಪಕ್ಕದ ತನ್ನ ಕುರ್ಚಿಯಿಂದ ಎದ್ದಳು. ಯಾರು ತಡೆದರೂ ಕೇಳದೆ ಸುತ್ತಿಕೊಂಡು ಬಂದು ಸೊಸೆಯ ಭುಜ ಮುಟ್ಟಿದಳು.

"ಹೊಸಬಳಾ ನೀನು? ಥಂಡಿ ಕೈಲಿ ಗೆರೆ ನಿಲ್ಲಲ್ಲ. ಏಳು, ಅಲ್ಲಿ ಹೋಗಿ ಕೂತ್ಕೋ. ಹೊಸಬರಿಗೆ ಒಲೆ ಪಕ್ಕದ ಜಾಗ."

ಅರ್ಮಾನ್ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಓದಿಲ್ ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತಳು. ಅತ್ತೆಯ ಮೈಯ ಬಿಸಿ ಅದರಲ್ಲಿನ್ನೂ ಇತ್ತು. ಇಷ್ಟು ವರ್ಷ ಗಂಟಲಲ್ಲೇ ಉಳಿದಿದ್ದ ಮಾತನ್ನು ಅವಳು ಎಲ್ಲರೆದುರು ಹೇಳಿದಳು.

"ಉಪಕಾರ ಆಯ್ತು, ಅತ್ತೆ."

"ಇರ್ಲಿ, ಇರ್ಲಿ," ಎಂದಳು ಸಲೋಮೆ, ಹಾಳೆಯನ್ನು ಅವಳತ್ತ ಸರಿಸುತ್ತ. "ಮಾತು ಸಾಕು. ಬೂಟು ನೋಡ್ಕೊಂಡು ಹಚ್ಚು."